‘ಶೋಲೆ’ ಊರಲ್ಲಿ ಸಾಫ್ಟ್‌ವೇರ್ ಸಮರ! ಹಾಡು ಯಾರ ಕೈಯಲ್ಲಿ ಕೊಡೋಣ?

ರಾಮನಗರದ ಬಂಡೆಗಳಿಗೆ ಕಿವಿಯೂ ಇದೆ, ಬಾಯಿಯೂ ಇದೆ! ಬೆಟ್ಟದ ಬುಡದಲ್ಲಿ ನಿಂತು ಒಮ್ಮೆ ಕೂಗಿ ನೋಡಿ, ಬಂಡೆ ತಾನೂ ಓಗೊಡುತ್ತದೆ. ಈ ಬಂಡೆಗಳನ್ನೇ ನೆಚ್ಚಿಕೊಂಡು 1973ರಲ್ಲಿ ಮುಂಬಯಿಯಿಂದ ರಮೇಶ್ ಸಿಪ್ಪಿ ತಮ್ಮ ದಂಡು ದಾಳಿ ಸಮೇತ ಬಂದಿಳಿದರು. 1975ರ ಆಗಸ್ಟ್ 15ರಂದು ‘ಶೋಲೆ’ ತೆರೆ ಕಂಡಿತು. ಮುಂದಿನದು ಚಿತ್ರರಸಿಕರಿಗೆಲ್ಲ ಗೊತ್ತಿರುವ ಕಥೆ.

ಆದರೆ ಒಂದು ಮಾತು ಗಮನಿಸಿದ್ದೀರಾ? ‘ಶೋಲೆ’ಯನ್ನು ಜನ ನೋಡಿದ್ದಷ್ಟೇ ಅಲ್ಲ, ಕೇಳಿದರು! ಬಂಡೆಯ ಮೇಲೆ ಗಬ್ಬರನ ಬೂಟಿನ ಸದ್ದು, ಸಂಜೆಗತ್ತಲಲ್ಲಿ ಜೈ ನುಡಿಸುವ ಮೌತ್ ಆರ್ಗನ್ನು, ನಡುನಡುವೆ ಎದೆ ಹಿಂಡುವ ಮೌನ... ಆರ್. ಡಿ. ಬರ್ಮನ್ನರ ಸಂಗೀತ, ಮಂಗೇಶ್ ದೇಸಾಯಿಯವರ ಧ್ವನಿ ಮಿಶ್ರಣ, ಅದಕ್ಕೆ 70 ಎಂ.ಎಂ. ಪರದೆಯ ಸ್ಟೀರಿಯೋಫೋನಿಕ್ ವೈಭವ. ಹಾಡಿನ ರೆಕಾರ್ಡಿನ ಜೊತೆಗೆ ಬರೀ ಸಂಭಾಷಣೆಯ ರೆಕಾರ್ಡೂ ಬಿಸಿ ಬೋಂಡದಂತೆ ಮಾರಾಟವಾಯಿತು. ಬರೀ ಮಾತು ಕೇಳೋಕೆ ಜನ ದುಡ್ಡು ಕೊಟ್ಟರು ಅಂದ್ರೆ ಆ ಶಬ್ದದ ತಾಕತ್ತು ಎಷ್ಟಿರಬೇಕು!

ಇಷ್ಟಕ್ಕೇ ಮುಗಿಯಲಿಲ್ಲ. 1984ರಲ್ಲಿ ಬಂದ ಡೇವಿಡ್ ಲೀನ್‌ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಮಾಗಡಿಯ ಸಾವನದುರ್ಗ ಮತ್ತು ರಾಮದೇವರ ಬೆಟ್ಟ ‘ಮರಬಾರ್’ ಬೆಟ್ಟಗಳಾದವು. ಆ ಕಥೆಯ ಜೀವಾಳ ಏನು ಗೊತ್ತೇ? ಗುಹೆಯೊಳಗಿನ ಒಂದು ಪ್ರತಿಧ್ವನಿ! ಆ ಚಿತ್ರದ ಸಂಗೀತಕ್ಕೆ ಮೋರಿಸ್ ಜಾರ್ ಆಸ್ಕರ್ ಹೊತ್ತೊಯ್ದರು. ಇನ್ನು 1994ರಲ್ಲಿ ಇದೇ ರಾಮನಗರದ ಹೆದ್ದಾರಿ ಪಕ್ಕದಲ್ಲಿ ಎಚ್. ಎಲ್. ನಾಗೇಗೌಡರು ‘ಜಾನಪದ ಲೋಕ’ವನ್ನೇ ತೆರೆದರು. ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ಸುತ್ತಿ, ಪದ ಹೇಳುವವರ ದನಿ ಹಿಡಿದಿಟ್ಟ ಪುಣ್ಯಾತ್ಮರು ಅವರು.

ಇಂಥ ಸೀಮೆಯಲ್ಲಿ ಈಗ ಹೊಸ ಸಮರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಿ ಹೋದರೂ ಹಾಡು ಕಟ್ಟುವ ಹುಡುಗರು ಇಬ್ಬರು ಸೇರಿದರೆ ಒಂದೇ ಜಗಳ: ‘ಪ್ರೋ ಟೂಲ್ಸಾ? ಕ್ಯೂಬೇಸಾ? ಎಫ್.ಎಲ್. ಸ್ಟುಡಿಯೋನಾ?’ ಇವೆಲ್ಲ ಕಂಪ್ಯೂಟರಿನಲ್ಲಿ ಹಾಡು ಧ್ವನಿಮುದ್ರಿಸಿ, ಕತ್ತರಿಸಿ, ಜೋಡಿಸಿ, ಮಿಕ್ಸಿಂಗ್ ಮಾಡುವ ಸಾಫ್ಟ್‌ವೇರ್‌ಗಳ ಹೆಸರು. ಅಭಿಮಾನಿ ಸಂಘ ಕಟ್ಟೋದೊಂದು ಬಾಕಿ! ಸಾಲ ಮಾಡಿ ಕೊಳ್ಳುವವರಿದ್ದಾರೆ, ಕದ್ದು ಹಾಕಿಕೊಳ್ಳುವವರೂ ಇದ್ದಾರೆ. ಹಾಗಾದರೆ ಯಾವುದು ಮೇಲು? ಬನ್ನಿ, ಒಂದು ಕೈ ನೋಡಿಯೇ ಬಿಡೋಣ.

ಮದರಾಸು ರೈಲಿನಿಂದ ಮನೆ ಮೂಲೆಗೆ

ಕನ್ನಡದ ಹಾಡಿಗೆ ಸ್ವಂತ ಸೂರು ಸಿಕ್ಕಿದ್ದು ಬಹಳ ತಡವಾಗಿ. ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಳ ಕಾಲ ಹಾಡಿನ ಧ್ವನಿಮುದ್ರಣ ಅಂದರೆ ಮದರಾಸು. ನಿರ್ಮಾಪಕ, ಗೀತರಚನೆಕಾರ, ಸಂಗೀತ ನಿರ್ದೇಶಕ ಎಲ್ಲರೂ ಗಂಟು ಮೂಟೆ ಕಟ್ಟಿಕೊಂಡು ರೈಲು ಹತ್ತಬೇಕು. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ. ವಾದ್ಯಗಾರರಲ್ಲಿ ಒಬ್ಬ ತಪ್ಪಿದರೂ ಎಲ್ಲರೂ ಮೊದಲಿನಿಂದ ನುಡಿಸಬೇಕು! ಈ ಪಾಡು ನೋಡಲಾರದೆ 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲೇ ‘ಸಂಕೇತ್’ ಸ್ಟುಡಿಯೋ ಕಟ್ಟಿದರು.

ಆ ಹೊತ್ತಿಗೆ ಸಮುದ್ರದಾಚೆ ಕಂಪ್ಯೂಟರು ಸಂಗೀತಕ್ಕೆ ಕೈ ಹಾಕಿತ್ತು. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಅಟಾರಿ ಕಂಪ್ಯೂಟರಿಗೆ ‘ಕ್ಯೂಬೇಸ್’ ತಂದಿತು. 1991ರಲ್ಲಿ ಅಮೆರಿಕದ ಡಿಜಿಡಿಸೈನ್ ‘ಪ್ರೋ ಟೂಲ್ಸ್’ ತಂದಿತು. ಹೋಲಿಕೆಗೆ ಒಂದು ಮಾತು: 1967ರಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್’ ತಯಾರಾದದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ಇಂದು ಚನ್ನಪಟ್ಟಣದ ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ಓಡುತ್ತದೆ. ರವಿ ಬಸ್ರೂರು ಲಾಕ್‌ಡೌನ್ ಕಾಲದಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’ರ ಸಂಗೀತದ ಕೆಲಸಕ್ಕೆ ಕುಂದಾಪುರ ಸೀಮೆಯ ತಮ್ಮೂರು ಬಸ್ರೂರಿನಲ್ಲೇ ಕೂತರು. 2022ರಲ್ಲಿ ದೇಶವೆಲ್ಲ ಆ ಸದ್ದು ಕೇಳಿತು. ಊರು ಸಣ್ಣದಾದರೆ ಹಾಡೂ ಸಣ್ಣದು ಎನ್ನುವ ಕಾಲ ಹೋಯಿತು ಸ್ವಾಮಿ!

ಗೂಡು ಒಂದೇ, ಬೇಸಿನ್ನು ಬೇರೆ

ಈಗ ಅಭಿಮಾನಿಗಳ ಎದೆ ಒಡೆಯುವ ಒಂದು ಸತ್ಯ ಹೇಳಿಬಿಡುತ್ತೇವೆ. ‘ಪ್ರೋ ಟೂಲ್ಸಿನಲ್ಲಿ ಸೌಂಡೇ ಬೇರೆ ಗುರೂ’ ಎನ್ನುತ್ತಾರಲ್ಲ, ಅದು ಬಹುಪಾಲು ಬುರುಡೆ!

ಪರೀಕ್ಷೆ ಬೇಕೇ? ಒಂದೇ ಹಾಡಿನ ಅವೇ ಟ್ರ್ಯಾಕುಗಳನ್ನು ಎರಡು ಸಾಫ್ಟ್‌ವೇರಿಗೆ ಹಾಕಿ. ಎರಡರಲ್ಲೂ ಒಂದೇ ಮಟ್ಟ, ಎಡ ಬಲದ ಲೆಕ್ಕವೂ ಒಂದೇ ಇರಲಿ, ಪ್ಲಗ್‌ಇನ್ ಏನೂ ಬೇಡ. ಎರಡರಿಂದಲೂ ಹಾಡನ್ನು ಹೊರತೆಗೆಯಿರಿ. ಒಂದನ್ನು ತಲೆಕೆಳಗು ಮಾಡಿ, ಅಂದ್ರೆ ಅಲೆಯ ಏರನ್ನು ಇಳಿವು, ಇಳಿವನ್ನು ಏರು ಮಾಡಿ, ಇನ್ನೊಂದರ ಜೊತೆ ಕೂಡಿಸಿ. ಏನು ಕೇಳಿಸುತ್ತದೆ? ಮೌನ! ಎರಡೂ ಒಂದೇ ಆದ್ದರಿಂದ ಒಂದನ್ನೊಂದು ನುಂಗಿಹಾಕುತ್ತವೆ. ಕೂಡುವ ಲೆಕ್ಕ ಕೂಡುವ ಲೆಕ್ಕವೇ. ಅದನ್ನು ಜರ್ಮನಿಯಲ್ಲಿ ಕೂಡಿದರೂ ಅಮೆರಿಕದಲ್ಲಿ ಕೂಡಿದರೂ ಮೊತ್ತ ಒಂದೇ.

ರಾಮನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಇದು. ನೂಲು ಬಿಚ್ಚೋದಕ್ಕೆ ಚರಕ ಇದೆ, ಕಾಟೇಜ್ ಬೇಸಿನ್ ಇದೆ, ಈಗ ಎ.ಆರ್.ಎಂ. ಯಂತ್ರವೂ ಬಂದಿದೆ. ಯಂತ್ರ ಒಳ್ಳೆಯದಾದರೆ ಕೆಲಸ ಬೇಗ, ನೂಲು ಒಂದೇ ಸಮ, ಹೌದು. ಆದರೆ ಗೂಡೇ ಸಪ್ಪೆಯಾಗಿದ್ದರೆ ಯಾವ ಯಂತ್ರ ಏನು ಮಾಡೀತು? ಹಾಡಿನ ಗೂಡು ಅಂದರೆ ಗಾಯಕನ ಕಂಠ, ಮೈಕು, ಕೋಣೆ. ಸಾಫ್ಟ್‌ವೇರು ಬರೀ ಬೇಸಿನ್ನು. ಹಾಗಾದರೆ ಎಲ್ಲಾ ಒಂದೇನಾ? ಸದ್ದಿನಲ್ಲಿ ಒಂದೇ, ಗುಣದಲ್ಲಿ ಅಲ್ಲ! ಒಬ್ಬೊಬ್ಬರದು ಒಂದೊಂದು ಸ್ವಭಾವ.

ತಾರಾಬಳಗ ಪರಿಚಯ

ಪ್ರೋ ಟೂಲ್ಸ್: ಹಿರಿಯ ನಾಯಕ. 1995ರಿಂದ ಅವಿಡ್ ಕಂಪನಿಯ ಪಾಲು. ಧ್ವನಿ ಮುದ್ರಿಸೋದು, ಕತ್ತರಿಸೋದು, ಚಿತ್ರಕ್ಕೆ ಹೊಂದಿಸಿ ಮಿಶ್ರಣ ಮಾಡೋದು... ಇದರಲ್ಲಿ ಇವನನ್ನು ಮೀರಿಸುವವರು ಕಡಿಮೆ. ದೊಡ್ಡ ಚಿತ್ರಗಳ ಅಂತಿಮ ಮಿಶ್ರಣ ನಡೆಯುವ ಕಡೆ ಬಹಳಷ್ಟು ಇವನದೇ ದರ್ಬಾರು. ಆದರೆ ಸಂಭಾವನೆ ಜಾಸ್ತಿ, ಹೆಚ್ಚಾಗಿ ಚಂದಾ ಲೆಕ್ಕದಲ್ಲಿ. ರುಚಿ ನೋಡೋರಿಗೆ 2022ರಲ್ಲಿ ‘ಇಂಟ್ರೋ’ ಎಂಬ ಉಚಿತ ಆವೃತ್ತಿ ಬಂತು, ಎಂಟು ಧ್ವನಿ ಟ್ರ್ಯಾಕು ಕೊಡುತ್ತದೆ. ಒಂದು ಹಾರ್ಮೋನಿಯಂ, ತಬಲ, ಇಬ್ಬರು ಗಾಯಕರಿಗೆ ಧಾರಾಳ.

ಕ್ಯೂಬೇಸ್: ಸಂಗೀತ ನಿರ್ದೇಶಕರ ಮೆಚ್ಚಿನ ಜೋಡಿ. ಕೀಬೋರ್ಡಿನಲ್ಲಿ ನುಡಿಸಿದ ಸ್ವರಗಳನ್ನು ತಿದ್ದಿ ತೀಡುವುದರಲ್ಲಿ ಪಳಗಿದ ಕೈ. 1996ರಲ್ಲಿ ಇವರು ತಂದ ವಿ.ಎಸ್.ಟಿ. ಪದ್ಧತಿಯಿಂದಲೇ ಕೊಳಲು, ಪಿಟೀಲು, ಡೋಲು ಎಲ್ಲವೂ ಕಂಪ್ಯೂಟರಿನೊಳಗೆ ಪ್ಲಗ್‌ಇನ್ ಆಗಿ ಕೂರುವಂತಾಯಿತು. ಅಗ್ಗದಿಂದ ದುಬಾರಿವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ಇದರ ಅಣ್ಣ ‘ನುಯೆಂಡೋ’ ಚಿತ್ರದ ಧ್ವನಿ ಕೆಲಸಕ್ಕೇ ಹುಟ್ಟಿದವನು.

ಲಾಜಿಕ್: ಬಂಗಲೆ ಬಿಟ್ಟು ಹೊರಬರದ ರಾಜಕುಮಾರಿ! ಜರ್ಮನಿಯ ಇಮ್ಯಾಜಿಕ್ ಕಂಪನಿಯದ್ದಾಗಿದ್ದ ಇವಳನ್ನು 2002ರಲ್ಲಿ ಆಪಲ್ ಕೊಂಡಿತು. ಅಂದಿನಿಂದ ಆಪಲ್ ಯಂತ್ರ ಬಿಟ್ಟು ಬೇರೆಡೆ ಕಾಲಿಡಳು. ವಾದ್ಯಗಳ ಭಂಡಾರವೇ ಜೊತೆಗೆ ಬರುತ್ತದೆ. ಎ. ಆರ್. ರೆಹಮಾನ್ ಒಲಿದಿದ್ದು ಇವಳಿಗೇ. ಇವಳ ಬೆಲೆ ಕಡಿಮೆ ಎನಿಸಬಹುದು, ಬಂಗಲೆಯ ಬೆಲೆ ಕೇಳಿದರೆ ತಲೆ ಸುತ್ತೀತು. ಆಪಲ್ ಕಂಪ್ಯೂಟರ್ ಆಗಲೇ ಇದ್ದವರು ಉಚಿತವಾಗಿ ಸಿಗುವ ತಂಗಿ ‘ಗ್ಯಾರೇಜ್‌ಬ್ಯಾಂಡ್’ನಿಂದ ಶುರು ಮಾಡಿದರೆ ಜಾಣತನ.

ಎಫ್.ಎಲ್. ಸ್ಟುಡಿಯೋ: ಕಾಲೇಜು ಹುಡುಗರ ಕಣ್ಮಣಿ. ಬೆಲ್ಜಿಯಂ ದೇಶದ ಕೂಸು, 1990ರ ದಶಕದ ಕೊನೆಯಲ್ಲಿ ‘ಫ್ರೂಟಿಲೂಪ್ಸ್’ ಹೆಸರಲ್ಲಿ ಹುಟ್ಟಿತು. ಚೌಕ ಚೌಕ ಒತ್ತಿದರೆ ತಾಳ ತಯಾರ್! ಗಣೇಶನ ಮೆರವಣಿಗೆಯ ಡಿ.ಜೆ. ಹಾಡು, ರ‍್ಯಾಪ್ ಹಾಡಿನ ಬೀಟು ಕಟ್ಟೋರಿಗೆ ಹೇಳಿ ಮಾಡಿಸಿದ್ದು. ಒಮ್ಮೆ ಕೊಂಡರೆ ಮುಂದಿನ ಹೊಸ ಆವೃತ್ತಿಗಳೆಲ್ಲ ಜೀವನಪೂರ್ತಿ ಪುಕ್ಕಟೆ. ಆದರೆ ಎಚ್ಚರ, ಅಗ್ಗದ ಆವೃತ್ತಿ ಕೊಳ್ಳುವ ಮುನ್ನ ಅದರಲ್ಲಿ ಮೈಕಿನಿಂದ ಧ್ವನಿಮುದ್ರಣ ಸಾಧ್ಯವೇ ಅಂತ ಕೇಳಿಕೊಳ್ಳಿ.

ಏಬಲ್‌ಟನ್ ಲೈವ್: ರಂಗದ ಮೇಲಿನ ನಟ. ಬರ್ಲಿನ್‌ನಿಂದ 2001ರಲ್ಲಿ ಬಂತು. ಉಳಿದವರು ಸ್ಟುಡಿಯೋದಲ್ಲಿ ಕೂತು ಕೆಲಸ ಮಾಡಿದರೆ ಇವನು ವೇದಿಕೆ ಮೇಲೆ, ಜನರ ಎದುರಿಗೇ ಹಾಡಿನ ತುಂಡುಗಳನ್ನು ಎತ್ತಿ ಆಡಿಸುತ್ತಾನೆ.

ರೀಪರ್: ಗದ್ದಲವಿಲ್ಲದ ಪೋಷಕ ನಟ. ‘ವಿನ್‌ಆಂಪ್’ ನೆನಪಿದೆಯೇ? ಅದನ್ನು ಸೃಷ್ಟಿಸಿದ ಜಸ್ಟಿನ್ ಫ್ರಾಂಕಲ್ ಅವರದೇ ಇದೂ. ರೂಪ ಸಾದಾ, ತೂಕ ಹಗುರ, ಹಳೇ ಕಂಪ್ಯೂಟರಿನಲ್ಲೂ ಓಡುತ್ತಾನೆ. 60 ದಿನ ಪುಕ್ಕಟೆ ನೋಡಿ, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ತನ್ನ ಜೊತೆ ಗೊಂಬೆ ವಾದ್ಯಗಳನ್ನು ಹೆಚ್ಚೇನೂ ತರುವುದಿಲ್ಲ, ಬಹುಪಾಲು ನೀವೇ ಹೊಂದಿಸಿಕೊಳ್ಳಬೇಕು.

ಇನ್ನು ಕೈಯಲ್ಲಿ ಕಾಸೇ ಇಲ್ಲವೇ? ಕಂಪ್ಯೂಟರಿಗೆ ‘ಆಡಾಸಿಟಿ’, ಫೋನಿಗೆ ‘ಬ್ಯಾಂಡ್‌ಲ್ಯಾಬ್’. ಎರಡೂ ಉಚಿತ. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ 2000ದಲ್ಲಿ ಲೋಕಕ್ಕೆ ಬಂದ ಆಡಾಸಿಟಿಯಿಂದ ಭಜನೆ, ಭಾಷಣ, ಬಾನುಲಿ ನಾಟಕ ಎಲ್ಲ ಆರಾಮಾಗಿ ಮಾಡಬಹುದು.

ನಿಜವಾದ ಅಗ್ನಿಪರೀಕ್ಷೆ

ಇಷ್ಟು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಮ್ಮ ಸೀಮೆಗೆ ಒಂದು ಬೇರೆಯೇ ಪರೀಕ್ಷೆ ಇದೆ. ಈ ಸಾಫ್ಟ್‌ವೇರುಗಳೆಲ್ಲ ಬೆಳೆದದ್ದು ಪಾಶ್ಚಾತ್ಯ ಸಂಗೀತದ ಮಡಿಲಲ್ಲಿ. ತೆರೆದ ಕೂಡಲೇ ಪರದೆ ತುಂಬ ಗೆರೆ ಗೆರೆ ಚೌಕಗಳು, ಹೆಚ್ಚಿನವುಗಳಲ್ಲಿ ನಿಮಿಷಕ್ಕೆ 120 ಏಟಿನ ‘ಟಿಕ್ ಟಿಕ್’ ಲೆಕ್ಕ, ಮೇಲೆ ಹನ್ನೆರಡು ಸ್ವರಗಳ ಏಣಿ. ಹಾಡು ಈ ಪಂಜರದೊಳಗೆ ಕೂರಲಿ ಅನ್ನುವುದು ಅವುಗಳ ಹಟ.

ಈಗ ಪೂಜಾ ಕುಣಿತಕ್ಕೆ ಬಾರಿಸುವ ತಮಟೆಯವರನ್ನು ಕರೆತನ್ನಿ. ಶುರುವಿನಲ್ಲಿ ನಡೆ ನಿಧಾನ, ದೇವರು ಕುಣಿಯುತ್ತಾ ಹೋದಂತೆ ಓಟ, ಕೊನೆಗೆ ಭರಾಟೆ! ನಿಮಿಷಕ್ಕೆ ಇಷ್ಟೇ ಏಟು ಅಂತ ಅವರಿಗೆ ಹೇಳೋರು ಯಾರು? ಮಂಟೇಸ್ವಾಮಿ ಪದ ಹೇಳುವ ನೀಲಗಾರರು ಕಥೆಯ ದುಃಖಕ್ಕೆ ತಕ್ಕ ಹಾಗೆ ಲಯವನ್ನು ಎಳೆಯುತ್ತಾರೆ, ಬಿಡುತ್ತಾರೆ. ಸೋಬಾನೆ ಹೇಳುವ ಅಜ್ಜಿಯ ಸ್ವರ ಹಾರ್ಮೋನಿಯಂನ ಎರಡು ಮನೆಗಳ ನಡುವಿನ ಓಣಿಯಲ್ಲಿ ಓಡಾಡುತ್ತದೆ. ಅದು ಅಪಸ್ವರ ಅಲ್ಲ ಸ್ವಾಮಿ, ಅದೇ ಅವರ ಸ್ವರ!

ಇಲ್ಲೇ ಅನಾಹುತ. ಹುಡುಗರು ಆ ತಮಟೆಯನ್ನು ಗುಂಡಿ ಒತ್ತಿ ಚೌಕಕ್ಕೆ ಕೂರಿಸುತ್ತಾರೆ, ಓಟ ಹೋಯಿತು. ಅಜ್ಜಿಯ ದನಿಗೆ ಸ್ವರ ತಿದ್ದುವ ಪ್ಲಗ್‌ಇನ್ ಹಾಕುತ್ತಾರೆ, ಓಣಿಯಲ್ಲಿದ್ದ ಸ್ವರ ಹತ್ತಿರದ ಮನೆಗೆ ನೂಕಿಸಿಕೊಂಡು ನಿಲ್ಲುತ್ತದೆ. 1997ರಲ್ಲಿ ‘ಆಟೋ ಟ್ಯೂನ್’ ಬಂತು, 1998ರಲ್ಲಿ ಷೇರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಲ್ಲಿ ಅದನ್ನು ಬೇಕೆಂದೇ ಕಟುವಾಗಿ ಬಳಸಿ ಲೋಕಪ್ರಸಿದ್ಧ ಮಾಡಿದರು. ಅಲ್ಲಿ ಅದು ಅಲಂಕಾರ. ಇಲ್ಲಿ ಅದು ಅಳಿಸುವ ರಬ್ಬರು! ಆ ಅಜ್ಜಿಯ ಹಾಡು ಧ್ವನಿಮುದ್ರಣವಾಗೋದು ಬಹುಶಃ ಒಂದೇ ಸಲ. ತಿದ್ದಿದ್ದೇ ಉಳಿದು ಮೂಲ ಹೋದರೆ, ಮೊಮ್ಮಕ್ಕಳು ಅದನ್ನೇ ನಮ್ಮಜ್ಜಿಯ ಧಾಟಿ ಅಂತ ಕಲಿಯುತ್ತಾರೆ. ನಾಗೇಗೌಡರಂಥವರು ಊರೂರು ಅಲೆದು ಕೂಡಿಟ್ಟದ್ದನ್ನು ಒಂದು ಗುಂಡಿ ಕಳೆದುಹಾಕಬಾರದಲ್ಲವೇ?

ಆದ್ದರಿಂದ ಸಾಫ್ಟ್‌ವೇರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ‘ಹಾಡನ್ನು ನಿನ್ನ ತಾಳಕ್ಕೆ ಬಗ್ಗಿಸುತ್ತೀಯೋ, ನಿನ್ನ ತಾಳವನ್ನು ಹಾಡಿಗೆ ಬಗ್ಗಿಸುತ್ತೀಯೋ?’

ಈ ಪರೀಕ್ಷೆಯಲ್ಲಿ ಲಾಜಿಕ್ ಒಳ್ಳೆಯ ಅಂಕ ತೆಗೆಯುತ್ತದೆ. 2018ರಲ್ಲಿ ಬಂದ ‘ಸ್ಮಾರ್ಟ್ ಟೆಂಪೋ’ ಹಾಡಿದವರ ನಡೆಯನ್ನು ಗುರುತಿಸಿ ಗೆರೆಗಳನ್ನೇ ಹಿಂದೆ ಮುಂದೆ ಸರಿಸುತ್ತದೆ. ಮೇಲ್ದರ್ಜೆಯ ಕ್ಯೂಬೇಸ್‌ನಲ್ಲೂ ನಡೆ ಪತ್ತೆ ಹಚ್ಚುವ ವಿದ್ಯೆ ಇದೆ. ಏಬಲ್‌ಟನ್ 2021ರ ಆವೃತ್ತಿಯಿಂದ ವೇದಿಕೆ ಮೇಲಿನ ಡ್ರಮ್ಮಿನವನ ಹಿಂದೆ ತಾನೇ ಓಡಲು ಕಲಿತಿದೆ. ಪ್ರೋ ಟೂಲ್ಸ್, ರೀಪರ್‌ಗಳಲ್ಲಿ ಏಟು ಬಿದ್ದ ಕಡೆ ನಾವೇ ಗುರುತು ಹಾಕಿ ಗೆರೆ ಸರಿಸಬೇಕು. ಕೆಲಸ ಜಾಸ್ತಿ, ಆದರೆ ಫಲ ಅಚ್ಚುಕಟ್ಟು. ಎಫ್.ಎಲ್. ಸ್ಟುಡಿಯೋಗೆ ಇದು ಒಗ್ಗಿದ ವಿದ್ಯೆಯಲ್ಲ, ಅವನು ಚೌಕದ ಹುಡುಗ. ಎಲ್ಲಕ್ಕಿಂತ ಸುಲಭದ ಉಪಾಯ? ‘ಟಿಕ್ ಟಿಕ್’ ನಿಲ್ಲಿಸಿ, ಗೆರೆ ಮರೆತು, ಬಂದದ್ದನ್ನು ಬಂದ ಹಾಗೇ ಮುದ್ರಿಸಿ. ಅದಕ್ಕೆ ಉಚಿತ ಆಡಾಸಿಟಿಯೂ ಸಾಕು! ತಿದ್ದಲೇಬೇಕಾದರೆ ತಿದ್ದಿ, ಆದರೆ ಮೂಲ ಮುದ್ರಣದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಭದ್ರವಾಗಿರಲಿ.

ದುಡ್ಡು ಎಲ್ಲಿ ಹಾಕಬೇಕು?

ಕೈಯಲ್ಲಿರುವ ನೂರು ರೂಪಾಯಿಯಲ್ಲಿ ಸಾಫ್ಟ್‌ವೇರಿಗೆ ಹತ್ತು ರೂಪಾಯಿ ಸಾಕು. ಉಳಿದದ್ದು ಮೈಕು, ಆಡಿಯೋ ಇಂಟರ್‌ಫೇಸು, ಒಳ್ಳೆಯ ಹೆಡ್‌ಫೋನು, ಕೋಣೆಗೆ ಹೋಗಲಿ. ಕೋಣೆ ಅಂದರೆ ಹೆದರಬೇಡಿ. ಗೋಡೆಗೆ ದಪ್ಪ ಕಂಬಳಿ, ಮೂಲೆಗೆ ಹತ್ತಿಯ ಹಾಸಿಗೆ, ನೆಲಕ್ಕೆ ಜಮಖಾನ ಹಾಕಿದರೆ ಅರ್ಧ ಕೆಲಸ ಆದಂತೆ. ಕಿಟಕಿ ಹೆದ್ದಾರಿಯ ಕಡೆಗಿದ್ದರೆ ಬಸ್ಸಿನ ಹಾರನ್ನನ್ನು ಯಾವ ಪ್ಲಗ್‌ಇನ್ನೂ ಪೂರ್ತಿ ತೆಗೆಯಲಾರದು!

ಮುದ್ರಿಸುವಾಗ ಸೂಜಿಯನ್ನು ತುದಿ ಮುಟ್ಟಿಸಬೇಡಿ. ಹಳೇ ಟೇಪಿನಲ್ಲಿ ಸ್ವಲ್ಪ ಮೀರಿದರೆ ದನಿ ಮೃದುವಾಗಿ ಬಾಗುತ್ತಿತ್ತು. ಡಿಜಿಟಲ್‌ನಲ್ಲಿ ಸೊನ್ನೆ ದಾಟಿದರೆ ‘ಚಟ್’ ಅಂತ ಒಡೆಯುತ್ತದೆ. 24 ಬಿಟ್‌ನಲ್ಲಿ ಮುದ್ರಿಸಿ, ಜೋರು ಏಟೂ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಬೆಂಕಿಗೆ ಹಿಡಿದು ಹದ ಮಾಡಿದ ತಮಟೆಯ ಮೊದಲ ಏಟು ಎಷ್ಟು ಚೂಪು ಅಂತ ನಿಮಗೇ ಗೊತ್ತು. ಚಿತ್ರಕ್ಕೋ ವಿಡಿಯೋಗೋ ಆದರೆ ಲೆಕ್ಕ 48 ಕಿಲೋಹರ್ಟ್ಸ್, ಸಿ.ಡಿ.ಗೆ 44.1. ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

‘ನಾನು ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸುತ್ತೆ’ ಅನ್ನುವ ದೂರು ಎಲ್ಲೆಲ್ಲೂ ಇದೆ. ಅದಕ್ಕೂ ಸಾಫ್ಟ್‌ವೇರಿನ ಹೆಸರಿಗೂ ಸಂಬಂಧ ಕಡಿಮೆ. ‘ಬಫರ್’ ಎಂಬ ಅಂಕಿ 1024 ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಒಂದೊಂದು ಕಂತಿಗೂ 21 ಮಿಲಿಸೆಕೆಂಡು ತಡ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಏಳು ಮೀಟರು ನಡೆಯುತ್ತದೆ. ಅಂದ್ರೆ ಪಕ್ಕದಲ್ಲಿರಬೇಕಾದ ತಾಳದವನನ್ನು ಓಣಿಯ ಆ ಬದಿಗೆ ನಿಲ್ಲಿಸಿದ ಹಾಗೆ! ಹಾಡುವಾಗ ಅದನ್ನು 256ಕ್ಕೋ 128ಕ್ಕೋ ಇಳಿಸಿ, ಮಿಕ್ಸಿಂಗ್ ಮಾಡುವಾಗ ಮತ್ತೆ ಏರಿಸಿ.

ಬಂಡೆಯ ಪ್ರತಿಧ್ವನಿ ಬೇಕೇ? ಅದಕ್ಕೂ ಉಪಾಯವಿದೆ. ಒಂದು ಕಲ್ಲಿನ ಮಂಟಪದಲ್ಲಿ ಬಲೂನು ಒಡೆದು, ಆ ಸದ್ದು ಅಡಗುವವರೆಗೂ ಮುದ್ರಿಸಿ, ‘ಕನ್ವಲ್ಯೂಷನ್ ರಿವರ್ಬ್’ ಎಂಬ ಪ್ಲಗ್‌ಇನ್ನಿಗೆ ಕೊಡಿ. ನಿಮ್ಮ ಗಾಯಕ ಆ ಮಂಟಪದಲ್ಲೇ ನಿಂತು ಹಾಡಿದಂತೆ ಕೇಳಿಸುತ್ತದೆ. ರೀಪರ್ ಇದನ್ನು ತನ್ನ ಜೊತೆಗೇ ಕೊಡುತ್ತದೆ, ಲಾಜಿಕ್ಕೂ ಅಷ್ಟೆ. ಆದರೆ ದಯವಿಟ್ಟು ರಾಮದೇವರ ಬೆಟ್ಟಕ್ಕೆ ಬಲೂನು ಒಯ್ಯಬೇಡಿ! ಅದು 2012ರಿಂದ ರಣಹದ್ದುಗಳ ಧಾಮ. ಗಬ್ಬರ್ ಹೋದ ಮೇಲೆ ನೆಮ್ಮದಿಯಾಗಿರೋ ಹಕ್ಕಿಗಳಿಗೆ ಮತ್ತೆ ಗುಂಡಿನ ಸದ್ದು ಯಾಕೆ?

ಕದ್ದ ಸಾಫ್ಟ್‌ವೇರಿನ ವಿಚಾರ ಒಂದೇ ಮಾತಲ್ಲಿ ಮುಗಿಸೋಣ. ಅದರೊಳಗೆ ಅಡಗಿ ಬರುವ ವೈರಸ್ಸು ನಿಮ್ಮ ಇಡೀ ಡಿಸ್ಕಿಗೆ ಬೀಗ ಜಡಿದರೆ ಆರು ತಿಂಗಳ ಹಾಡು ಒಂದೇ ರಾತ್ರಿಗೆ ಮಾಯ. ಉಚಿತವಾಗಿ, ನ್ಯಾಯವಾಗಿ ಸಿಗುವುದು ಇಷ್ಟಿರುವಾಗ ಕದಿಯೋದ್ಯಾಕೆ?

ತೀರ್ಪು ಏನಪ್ಪಾ ಅಂದ್ರೆ...

ಭಜನೆ, ಪದ, ಪೌರಾಣಿಕ ನಾಟಕದ ರಂಗಗೀತೆ ಮುದ್ರಿಸುವವರು ರೀಪರ್ ಅಥವಾ ಆಡಾಸಿಟಿ ಹಿಡಿಯಿರಿ. ಬೀಟು ಕಟ್ಟೋರಿಗೆ ಎಫ್.ಎಲ್. ಸ್ಟುಡಿಯೋ. ಕೀಬೋರ್ಡ್ ನುಡಿಸಿ ರಾಗ ಹಾಕಿ ವಾದ್ಯವೃಂದ ಕಟ್ಟೋರಿಗೆ ಕ್ಯೂಬೇಸ್, ಆಪಲ್ ಇದ್ದರೆ ಲಾಜಿಕ್. ವೇದಿಕೆಯವರಿಗೆ ಏಬಲ್‌ಟನ್. ಸಿನಿಮಾ ಮಿಶ್ರಣದ ಕೆಲಸ ಕಲಿತು ಅನ್ನ ಸಂಪಾದಿಸಬೇಕು ಅನ್ನೋರು ಪ್ರೋ ಟೂಲ್ಸ್ ಕಲಿಯಲೇಬೇಕು. ಬೆಂಗಳೂರಿನ ಸ್ಟುಡಿಯೋಗೆ ಹಾಡು ಕೊಡುವಾಗ ಯಾವ ಸಾಫ್ಟ್‌ವೇರೇ ಇರಲಿ, ಪ್ರತಿ ಟ್ರ್ಯಾಕನ್ನೂ ಒಂದೇ ಆರಂಭದಿಂದ ‘ವೇವ್’ ಫೈಲಾಗಿ ತೆಗೆದು ಕೊಡಿ. ಆ ಭಾಷೆ ಎಲ್ಲರಿಗೂ ಅರ್ಥವಾಗುತ್ತದೆ. ಮಿಕ್ಸಿಂಗ್ ಮುಗಿದ ಮೇಲೆ ಫೋನಿನಲ್ಲಿ, ಆಟೋದಲ್ಲಿ, ಹೋಟೆಲಿನ ಹಳೇ ಸ್ಪೀಕರಿನಲ್ಲಿ ಕೇಳಿ ನೋಡಿ. ನಿಮ್ಮ ಶ್ರೋತೃಗಳು ಇರೋದು ಅಲ್ಲೇ!

1975ರಲ್ಲಿ ಮಂಗೇಶ್ ದೇಸಾಯಿಯವರ ಮುಂದೆ ಇವುಗಳಲ್ಲಿ ಒಂದೂ ಇರಲಿಲ್ಲ. ಆದರೂ 2025ರಲ್ಲಿ ‘ಶೋಲೆ’ಯ ಹೊಸದಾಗಿ ಶುದ್ಧಗೊಳಿಸಿದ ಪ್ರತಿಯನ್ನು ಇಟಲಿಯ ಬೊಲೋನ್ಯ ನಗರದಲ್ಲಿ ತೋರಿಸಿದಾಗ ಜನ ಮತ್ತೆ ಕಿವಿಗೊಟ್ಟು ಕೂತರು. ಐವತ್ತು ವರ್ಷ ಬಾಳಿದ್ದು ಯಂತ್ರವಲ್ಲ, ಎಲ್ಲಿ ಸದ್ದು ಬೇಕು, ಎಲ್ಲಿ ಮೌನ ಬೇಕು ಎಂದು ಬಲ್ಲ ಕಿವಿ. ಆ ಕಿವಿಯನ್ನು ಚಂದಾ ಕಟ್ಟಿ ಕೊಳ್ಳೋಕಾಗಲ್ಲ, ಕಂತಿನ ಮೇಲೂ ಸಿಗಲ್ಲ. ಅದನ್ನು ಬೆಳೆಸಿಕೊಳ್ಳೋಕೆ ಜಾತ್ರೆಗೆ ಹೋಗಿ, ಹತ್ತಿರ ನಿಂತು ತಮಟೆ ಕೇಳಿ. ಆಮೇಲೆ ಯಾವ ಸಾಫ್ಟ್‌ವೇರ್ ಬೇಕಾದರೂ ತೆರೆಯಿರಿ. ಏನಂತೀರಿ?